ಸಂಕಟ ಬಂದಾಗ ಹ್ಯಾಮಣ್ಣ

ಮಾಕ್ ಡ್ರಿಲ್‌ಗೆ ಕನ್ನಡದಲ್ಲಿ ‘ಅಣಕು ಪ್ರದರ್ಶನ’ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನ ಹೊಟ್ಟೆ ತಣ್ಣಗಿರಲಿ. ಪದ ಹುಡುಕಲು ಹೋದವನ ಬಾಯಿಂದ ಸತ್ಯವೇ ಹೊರಬಿದ್ದಿದೆ. ಕಳೆದ ಮಳೆಗಾಲಕ್ಕೆ ಮೊದಲು ಮಲೆನಾಡಿನ ನಮ್ಮೂರಿನಲ್ಲಿ ನಡೆದ ವಿಪತ್ತು ನಿರ್ವಹಣೆಯ ಅಣಕು ಪ್ರದರ್ಶನವನ್ನು ಕಣ್ಣಾರೆ ಕಂಡ ಮೇಲೆ, ವಿಡಂಬನೆ ಬರೆಯುವವರ ಹೊಟ್ಟೆಯ ಮೇಲೆ ಇಷ್ಟು ಜೋರಾಗಿ ಹೊಡೆಯಬಾರದಿತ್ತು ಎಂದು ನನಗೆ ಅನ್ನಿಸಿದೆ.

ನಾನಲ್ಲಿಗೆ ಹೋದದ್ದು ಹ್ಯಾಮ್ ಆಗಿ. ಹ್ಯಾಮ್ ಎಂದರೆ ಹವ್ಯಾಸಿ ರೇಡಿಯೊದವನು. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಪರವಾನಗಿಯನ್ನೂ ಗಾಳಿಯಲ್ಲಿ ಗುರುತಿಗೆಂದು ಕರೆಸಂಕೇತವನ್ನೂ ಪಡೆದು, ಸ್ವಂತ ದುಡ್ಡಿನಲ್ಲಿ ಉಪಕರಣ ಕೊಂಡು, ಗಾಳಿಯಲ್ಲಿ ಊರೂರಿನವರ ಜತೆ ಮಾತನಾಡುವ ಒಂದು ಜಾತಿ. ಇದರಿಂದ ಏನು ಸಂಪಾದನೆ ಎಂದು ಕೇಳಿದರೆ ಉತ್ತರವಿಲ್ಲ. ಕಾನೂನಿನ ಪ್ರಕಾರ ಒಂದು ಪೈಸೆಯನ್ನೂ ಸಂಪಾದಿಸುವಂತಿಲ್ಲ.

ಕಾರ್ಯಕ್ರಮದ ಸ್ವಾಗತಕಾರರು ನನ್ನ ಕೈಯಲ್ಲಿದ್ದ ಪೆಟ್ಟಿಗೆ, ಆಂಟೆನಾ ನೋಡಿ ಸಂಭ್ರಮದಿಂದ ‘ಆಕಾಶವಾಣಿಯವರು ಬಂದರು’ ಎಂದು ಕೂಗಿದರು. ಅಲ್ಲ ಸ್ವಾಮಿ, ಹ್ಯಾಮ್ ಎಂದೆ. ‘ಹಾಂ?’ ಎಂದರು. ಹ್ಯಾಮ್ ಎಂದೆ. ‘ಹಾಂ?’ ಎಂದರು. ಮೂರನೆಯ ಸುತ್ತಿಗೆ ನಾನೇ ಸೋತು ಆಕಾಶವಾಣಿಯವನೆಂದು ಒಪ್ಪಿಕೊಂಡು ಕುಳಿತೆ. ಹಾಗೆ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. 1935ರಲ್ಲಿ ಮೈಸೂರಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ನಮ್ಮಂತೆಯೇ ತಮ್ಮ ಮನೆಯಲ್ಲೇ ಪ್ರಸಾರ ಶುರುಮಾಡಿದ್ದರಿಂದ ಆಕಾಶವಾಣಿ ಎಂಬ ಹೆಸರು ಚಾಲ್ತಿಗೆ ಬಂತು. ಮೇಷ್ಟ್ರು ಇವತ್ತು ಆ ಸಾಹಸಕ್ಕೆ ಇಳಿದಿದ್ದರೆ ಹೆಸರು ಚಾಲ್ತಿಗೆ ಬರುವ ಮೊದಲು ಮನೆಗೆ ಪೊಲೀಸರು ಬರುತ್ತಿದ್ದರು.

ಅಂದಿನ ಕಥಾವಸ್ತು ಹೀಗಿತ್ತು: ಬೆಳಿಗ್ಗೆ 11ಕ್ಕೆ ಗುಡ್ಡ ಕುಸಿಯುತ್ತದೆ. 11.05ಕ್ಕೆ ವಿದ್ಯುತ್ ಹೋಗುತ್ತದೆ. 11.10ಕ್ಕೆ ಮೊಬೈಲ್ ಟವರ್‌ಗಳು ಪ್ರಾಣ ಬಿಡುತ್ತವೆ. 11.15ಕ್ಕೆ ಹ್ಯಾಮ್‌ಗಳು ರಂಗಪ್ರವೇಶ ಮಾಡಿ ನಿಯಂತ್ರಣ ಕೊಠಡಿಗೂ ಗುಡ್ಡದ ಬುಡದ ಶಾಲೆಗೂ ಸಂಪರ್ಕ ಕಲ್ಪಿಸುತ್ತಾರೆ. 12ಕ್ಕೆ ಮುಖ್ಯ ಅತಿಥಿಗಳ ಭಾಷಣ. 1ಕ್ಕೆ ಊಟ. ಗುಡ್ಡ ಮಾತ್ರ ತುಸು ತಡವಾಗಿ, ಸಾಹೇಬರ ಕಾರು ಬಂದ ಮೇಲೆ, 11.40ಕ್ಕೆ ಕುಸಿಯಿತು.

11.50ಕ್ಕೆ ನನ್ನ ಜೇಬಿನಲ್ಲಿದ್ದ ಮೊಬೈಲ್ ಗುಂಯ್ ಎಂದಿತು. ವಿಪತ್ತು ನಿರ್ವಹಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಸಾಹೇಬರ ಸಂದೇಶ: ‘ಮೊಬೈಲ್ ನೆಟ್‌ವರ್ಕ್ ಸಂಪೂರ್ಣ ಸ್ಥಗಿತಗೊಂಡಿದೆ. ಎಲ್ಲರೂ ಈ ಸಂದೇಶ ತಲುಪಿದ್ದನ್ನು ಖಚಿತಪಡಿಸಿ.’

ಹದಿನಾರು ಮಂದಿ ಖಚಿತಪಡಿಸಿದರು. ಇಬ್ಬರು ಹೆಬ್ಬೆರಳು ಎತ್ತಿದರು. ಒಬ್ಬರು ಕೈ ಮುಗಿದರು. ಒಬ್ಬರು ಮಾತ್ರ, ಹೊಸದಾಗಿ ಕೆಲಸಕ್ಕೆ ಸೇರಿದವರಿರಬೇಕು, ‘ಸರ್, ನನಗೆ ನೆಟ್‌ವರ್ಕ್ ಬರುತ್ತಿದೆಯಲ್ಲ?’ ಎಂದು ಬರೆದು, ಅರ್ಧ ನಿಮಿಷದಲ್ಲಿ ಅಳಿಸಿದರು.

ಅಷ್ಟರಲ್ಲಿ ಶಾಲೆಯ ಕಡೆ ನಿಯೋಜಿತನಾಗಿದ್ದ ನಮ್ಮ ಗೆಳೆಯ ರೇಡಿಯೊದಲ್ಲಿ ಕರೆದ. ‘ಇಲ್ಲಿನ ಗಾಯಾಳುಗಳೆಲ್ಲ ಅಲ್ಲಿಗೆ ವಿಡಿಯೊ ಕರೆ ಮಾಡಿ ತಮ್ಮ ಗಾಯ ತೋರಿಸುತ್ತಿದ್ದಾರೆ. ನಾನೇನು ಮಾಡಲಿ? ಓವರ್.’ ನಾನು ಸಾಹೇಬರ ಮುಖ ನೋಡಿದೆ. ಅವರು ಮೊಬೈಲಿನಿಂದ ಕಣ್ಣು ತೆಗೆಯದೆ ‘ರೇಡಿಯೊದವರದು ಒಂದು ಫೋಟೊ ತೆಗೆದುಕೊಳ್ಳಿ, ವರದಿಗೆ ಬೇಕು’ ಎಂದರು. ಫೋಟೊ ಚೆನ್ನಾಗಿ ಬರಬೇಕೆಂದು ನನ್ನ ಕಿವಿಗೆ ಹೆಡ್‌ಫೋನ್ ಹಾಕಿಸಿದರು. ಅದರ ತಂತಿಯನ್ನು ಎಲ್ಲಿಗೂ ಚುಚ್ಚಿರಲಿಲ್ಲ.

ಊಟ ಚೆನ್ನಾಗಿತ್ತು, ಇಲ್ಲವೆನ್ನಲಾರೆ.

ಈ ಹೆಡ್‌ಫೋನು ಹಾಕಿಕೊಳ್ಳುವ ಯೋಗ್ಯತೆ ಸುಲಭದಲ್ಲಿ ಬಂದದ್ದಲ್ಲ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಯಾರು ಬೇಕಾದರೂ ಹ್ಯಾಮ್ ಪರೀಕ್ಷೆ ಬರೆಯಬಹುದು. ಪರೀಕ್ಷೆ ಕಷ್ಟವಲ್ಲ. ಕಷ್ಟವಿರುವುದು ಆಮೇಲೆ. ಗೃಹ ಇಲಾಖೆಯ ಪರಿಶೀಲನೆ, ಪೊಲೀಸ್ ವಿಚಾರಣೆ, ಕಡತದ ತೀರ್ಥಯಾತ್ರೆ. ಪರೀಕ್ಷೆಗೆ ಕುಳಿತ ಹುಡುಗನಿಗೆ ಪರವಾನಗಿ ಕೈಗೆ ಬರುವ ಹೊತ್ತಿಗೆ ಮೀಸೆ ಮೂಡಿದ್ದರೆ ಆಶ್ಚರ್ಯವಿಲ್ಲ. ಮೇಲಿನ ದರ್ಜೆ ಬೇಕೆಂದರೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್, ಅಂದರೆ ಚುಕ್ಕೆ ಗೆರೆಗಳ ಸಂಕೇತ, ಬರಬೇಕು. ಇದೇ ಸರ್ಕಾರ 2013ರ ಜುಲೈ 14ರ ರಾತ್ರಿ ಆ ಸಂಕೇತದ ಮೇಲೇ ಬೆಳೆದ ತಂತಿ (ಟೆಲಿಗ್ರಾಂ) ಸೇವೆಗೆ ಕೊನೆಯ ನಮಸ್ಕಾರ ಹೇಳಿ ಬೀಗ ಜಡಿಯಿತು. ತಾನು ಕೈಬಿಟ್ಟ ವಿದ್ಯೆಯನ್ನು ನಮ್ಮ ಕೈಯಲ್ಲಿ ಉಳಿಸಿಕೊಂಡಿದೆ. ಮೋರ್ಸ್ ನನಗೆ ಇಷ್ಟವೇ, ಅದರ ಮೇಲೆ ನನ್ನ ತಕರಾರಿಲ್ಲ. ಯಾವುದೂ ಕೇಳಿಸದ ರಾತ್ರಿಯಲ್ಲಿ ಕೇಳಿಸುವುದು ಅದೊಂದೇ.

ನನ್ನ ಕಡತ ಯಾತ್ರೆಯಲ್ಲಿದ್ದ ಆ ದಿನಗಳಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ವಾಕಿಟಾಕಿಗಳು ಮಕ್ಕಳ ಆಟಿಕೆಗಳ ಪಕ್ಕದಲ್ಲೇ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಪರವಾನಗಿ ಬೇಕು ಎಂಬ ಒಂದು ಸಾಲು ಕೂಡ ಇಲ್ಲ, ಮೇಲೆ ರಿಯಾಯಿತಿ ಬೇರೆ. ಗುಂಡಿ ಒತ್ತಿದರೆ ನಾಳೆಯೇ ಮನೆಗೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಎಚ್ಚರವಾಗಿ ಅಂಥ ಮಳಿಗೆಗಳಿಗೆ ನೋಟಿಸ್ ಕೊಟ್ಟಿತು. ಅಲ್ಲಿಯವರೆಗೂ ಕಾನೂನು ನಮ್ಮಲ್ಲಿ ಹೀಗಿತ್ತು: ಕೇಳದೆ ತಂದುಕೊಂಡವನಿಗೆ ಒಂದು ದಿನ, ಅನುಮತಿ ಕೇಳಿದವನಿಗೆ ಹದಿನಾಲ್ಕು ತಿಂಗಳು.

ಹದಿಮೂರನೆಯ ತಿಂಗಳಲ್ಲಿ ವಿಚಾರಣೆಗೆಂದು ಒಬ್ಬ ಪೇದೆ ಮನೆಗೆ ಬಂದ. ಅವನಿಗಿಂತ ಮೊದಲು ನೆರೆಮನೆಯವರ ಹೇಳಿಕೆ ಸಿದ್ಧವಾಗಿತ್ತು. ರೇಡಿಯೊದಲ್ಲಿ ಹೆಸರು ಸ್ಪಷ್ಟವಾಗಿ ಕೇಳಿಸಲೆಂದು ಅದರ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದು ಪದ ಹೇಳುವ ರೂಢಿಯಿದೆ. ಹ್ಯಾಮ್ ಗೆಳೆಯನ ರೇಡಿಯೊ ಠಾಣೆಯಲ್ಲಿ ಕುಳಿತು ಕಲಿತದ್ದನ್ನು ನಾನು ರಾತ್ರಿ ಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದೆ. ನನ್ನ ಹೆಸರಿನ ಮೊದಲ ಭಾಗ ವಿಶ್ವ. ಹಾಗಾಗಿ ಕಿಟಕಿಯಾಚೆಗೆ ದಿನವೂ ಹತ್ತು ಗಂಟೆಗೆ ಕೇಳಿಸುತ್ತಿದ್ದುದು ಇದು: ‘ವಿಕ್ಟರ್, ಇಂಡಿಯಾ, ಸಿಯೆರಾ, ಹೋಟೆಲ್, ವಿಸ್ಕಿ, ಆಲ್ಫಾ.’ ವಿಕ್ಟರ್ ಎಂಬ ಪರದೇಶಿ ಇಂಡಿಯಾಕ್ಕೆ ಬಂದು ಯಾವುದೋ ಹೋಟೆಲಿನಲ್ಲಿ ವಿಸ್ಕಿ ಕುಡಿಯುತ್ತ ಕುಳಿತಿದ್ದಾನೆ, ಇವರು ಅವನಿಗೆ ಸುದ್ದಿ ಮುಟ್ಟಿಸುತ್ತಾರೆ ಎಂದು ನೆರೆಮನೆಯವರು ಸಹಿ ಮಾಡಿ ಕೊಡಲು ಸಿದ್ಧರಿದ್ದರು. ಪೇದೆ ಬಹಳ ಹೊತ್ತು ಯೋಚಿಸಿ ಒಂದೇ ಪ್ರಶ್ನೆ ಕೇಳಿದ: ‘ಮೊಬೈಲ್ ಇದೆಯಲ್ಲ ಸಾರ್, ಇದೆಲ್ಲ ಯಾಕೆ?’

ಎಲ್ಲರ ಪ್ರಶ್ನೆಯೂ ಅದೇ. ಅದಕ್ಕೆ ನಾನು ತಾಳ್ಮೆಯಿಂದ ಅಂಡಮಾನಿನ ಕಥೆ ಹೇಳುತ್ತೇನೆ. ಭಾರತಿ ಪ್ರಸಾದ್ ಎಂಬ ಹ್ಯಾಮ್, ವರ್ಷಗಟ್ಟಲೆ ಕಾದು ಅನುಮತಿ ಗಿಟ್ಟಿಸಿ 2004ರ ಡಿಸೆಂಬರಿನಲ್ಲಿ ಪೋರ್ಟ್ ಬ್ಲೇರಿಗೆ ಹೋಗಿ ಹೋಟೆಲಿನಲ್ಲಿ ರೇಡಿಯೊ ಹೂಡಿದ್ದರು. ಹೋದದ್ದು ಹವ್ಯಾಸಕ್ಕೆ, ಜಗತ್ತಿನ ಹ್ಯಾಮ್‌ಗಳ ಜತೆ ಮಾತನಾಡಲು. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ದೂರವಾಣಿ ಸತ್ತಿತು. ದ್ವೀಪದಿಂದ ಹೊರಜಗತ್ತಿಗೆ ಸುದ್ದಿ ಸಾಗಿಸಲು ಆ ರೇಡಿಯೊ ಒದಗಿತು. ಅಂದರೆ ಆ ಅನುಮತಿಯ ಕಡತ ಇನ್ನೊಂದು ತಿಂಗಳು ಯಾರದೋ ಮೇಜಿನ ಮೇಲೆ ವಿಶ್ರಾಂತಿ ಪಡೆದಿದ್ದರೆ ಅದೂ ಇಲ್ಲ. 2024ರ ಜುಲೈ ಕೊನೆಯಲ್ಲಿ ವಯನಾಡಿನ ಗುಡ್ಡ ಜಾರಿದಾಗಲೂ ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಹ್ಯಾಮ್‌ಗಳು ಠಾಣೆ ಹೂಡಿದರು. ಇಷ್ಟು ಹೇಳಿದ ಮೇಲೆ ಕೇಳುಗರು ತಲೆದೂಗಿ, ‘ಹೌದು ಹೌದು, ಅಂಥ ಸಮಯಕ್ಕೆ ಬೇಕು. ಆದರೆ ಮೊಬೈಲ್ ಇದೆಯಲ್ಲ?’ ಎನ್ನುತ್ತಾರೆ.

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರದು ಇನ್ನೊಂದು ಹೆಜ್ಜೆ ಮುಂದೆ. 40 ಮೀಟರ್ ಬ್ಯಾಂಡ್ ಎಂಬ ತರಂಗಪಟ್ಟಿಗೆ ಬೇಕಾದ ಆಂಟೆನಾ ಎಂದರೆ ಸುಮಾರು 20 ಮೀಟರ್ ಉದ್ದದ ತಾಮ್ರದ ತಂತಿ, ಅಷ್ಟೇ. ನಾನದನ್ನು ತಾರಸಿಯ ಕಂಬದಿಂದ ಹಿತ್ತಲಿನ ತೆಂಗಿನ ಮರಕ್ಕೆ ಕಟ್ಟಿದ್ದೇನೆ. ಅದರಿಂದ ವಿಕಿರಣ ಹರಡಿ ಬಡಾವಣೆಯವರ ಆರೋಗ್ಯ ಕೆಡುತ್ತದೆ, ಸಿಡಿಲನ್ನೂ ಅದೇ ಕರೆಯುತ್ತದೆ ಎಂದು ಸಂಘದಿಂದ ನೋಟಿಸ್ ಬಂತು. ನೋಟಿಸ್ ಕೊಡಲು ಅಧ್ಯಕ್ಷರು ತಮ್ಮ ಮನೆಯಿಂದಲೇ ನಡೆದು ಬಂದರು. ಅವರ ಮನೆಯ ತಾರಸಿಯ ಮೇಲೆ ಮೂರು ಕಂಪನಿಗಳ ಪೆಟ್ಟಿಗೆ ಹೊತ್ತ ಮೊಬೈಲ್ ಟವರ್ ಇದೆ. ಅದರದು ವಿಕಿರಣವಲ್ಲ, ಬಾಡಿಗೆ. ಪಕ್ಕದ ಮನೆಯ ಅಜ್ಜಿ ಮಾತ್ರ ನನ್ನ ತಂತಿಯ ನಿಜವಾದ ಉಪಯೋಗವನ್ನು ಮೊದಲ ದಿನವೇ ಕಂಡುಕೊಂಡು ಅದರ ಮೇಲೆ ಎರಡು ಸೀರೆ ಹರವಿದರು. ನಾನು ಅಮೆರಿಕವನ್ನು ಹುಡುಕುತ್ತಿದ್ದೆ. ಸೀರೆ ತೆಗೆಯುವವರೆಗೆ ಅರಸೀಕೆರೆಯೂ ಸಿಗಲಿಲ್ಲ.

ಸಮಾಜಸೇವೆ ಮಾಡಿಯಾದರೂ ಹೆಸರು ಗಳಿಸೋಣವೆಂದು ಚಳಿಗಾಲದಲ್ಲಿ ನಡೆದ ಒಂದು ಬೆಟ್ಟದ ಓಟಕ್ಕೆ ನಾವು ಆರು ಮಂದಿ ಸ್ವಯಂಸೇವಕರಾಗಿ ಹೋದೆವು. ಮೋಟಾರು ರ‍್ಯಾಲಿಗೆ, ಸೈಕಲ್ ಯಾತ್ರೆಗೆ, ಜಾತ್ರೆಗೆ ಹ್ಯಾಮ್‌ಗಳು ಹೋಗಿ ನಿಲ್ಲುವುದು ಹಳೆಯ ಪದ್ಧತಿ. ಗಂಗಾಸಾಗರದ ಮೇಳದಲ್ಲಿ ಬಂಗಾಳದ ಹ್ಯಾಮ್‌ಗಳು ದಾರಿ ತಪ್ಪಿದ ಯಾತ್ರಿಕರನ್ನು ಮನೆಯವರಿಗೆ ಮುಟ್ಟಿಸುತ್ತಾರೆ. ನಮ್ಮ ಓಟದ ಪ್ರಾಯೋಜಕರು ಒಂದು ಮೊಬೈಲ್ ಕಂಪನಿಯವರು. ಬೆಟ್ಟದ ದಾರಿಯುದ್ದಕ್ಕೂ ‘ಎಲ್ಲೆಲ್ಲೂ ನಿಮ್ಮೊಂದಿಗೆ’ ಎಂಬ ಬ್ಯಾನರ್. ಮೂರನೆಯ ಬ್ಯಾನರಿನಿಂದ ಒಂಬತ್ತನೆಯ ಬ್ಯಾನರಿನವರೆಗೆ ಒಂದು ಗೆರೆ ಸಿಗ್ನಲ್ ಇಲ್ಲ. ಆರನೆಯ ಬ್ಯಾನರಿನ ಬುಡದಲ್ಲಿ ಒಬ್ಬಳು ಹುಡುಗಿ ಕಾಲು ಉಳುಕಿಸಿಕೊಂಡು ಬಿದ್ದಳು. ರೇಡಿಯೊದಲ್ಲಿ ಹೇಳಿ ಆಂಬುಲೆನ್ಸ್ ತರಿಸಿದೆವು. ಅದು ಬರುವವರೆಗೆ ಆ ಬ್ಯಾನರನ್ನೇ ಬಿಚ್ಚಿ ಅವಳಿಗೆ ನೆರಳು ಮಾಡಿದೆವು. ಆ ಕಂಪನಿಯವರು ಅಲ್ಲಿ ಅವಳೊಂದಿಗಿದ್ದುದು ಹಾಗೆ. ಸಮಾರೋಪದಲ್ಲಿ ‘ಸುಗಮ ಸಂಪರ್ಕಕ್ಕಾಗಿ’ ಕಂಪನಿಯ ಪ್ರತಿನಿಧಿಗೆ ಶಾಲು, ಹಾರ, ಏಲಕ್ಕಿ ಬಾಳೆಯ ಬುಟ್ಟಿ. ನಮ್ಮನ್ನು ಕಂಡ ನಿರೂಪಕರು ‘ಮೈಕ್‌ಸೆಟ್‌ನವರಿಗೂ ವಂದನೆಗಳು’ ಎಂದರು.

ರೇಡಿಯೊ ಭಾಷೆಯಲ್ಲಿ ಅಡಚಣೆಗೂ ಸಂಕೇತವಿದೆ. ಸಿಡಿಲು ಗುಡುಗಿನಿಂದ ಬರುವುದು ಕ್ಯೂಆರ್‌ಎನ್, ಇತರ ಠಾಣೆಗಳಿಂದ, ಅಂದರೆ ಮನುಷ್ಯರಿಂದ, ಬರುವುದು ಕ್ಯೂಆರ್‌ಎಂ. ಕಚೇರಿಗಳಿಂದ ಬರುವುದು ಇವೆರಡರಲ್ಲಿ ಯಾವುದು ಎಂಬುದು ಪರೀಕ್ಷೆಯ ಪಠ್ಯದಲ್ಲಿ ಇರಲಿಲ್ಲ.

ಮಳೆ ಬಂತು. ಅಣಕು ಪ್ರದರ್ಶನದಂತೆ ಸಾಹೇಬರ ಕಾರಿಗೆ ಕಾಯಲಿಲ್ಲ. ಎರಡನೆಯ ರಾತ್ರಿ ವಿದ್ಯುತ್ ಹೋಯಿತು. ಟವರಿಗೆ ಬ್ಯಾಟರಿ ಇದೆ, ಅದು ಮುಗಿದರೆ ಡೀಸೆಲ್ ಜನರೇಟರ್ ಇದೆ, ಡೀಸೆಲ್ ಮುಗಿದರೆ ತರಲು ಲಾರಿ ಇದೆ. ಲಾರಿ ಬರುವ ರಸ್ತೆ ಮಾತ್ರ ಹಳ್ಳದ ಪಾಲಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಜೀಪೊಂದು ಮನೆ ಮುಂದೆ ನಿಂತಿತು. ‘ರೇಡಿಯೊ ಸಾರ್, ಸಾಹೇಬರು ಕರೆಯುತ್ತಿದ್ದಾರೆ.’ ನೋಡಿ, ಆ ಕತ್ತಲಲ್ಲಿ ನಾನು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಕಚೇರಿಯ ಮೆಟ್ಟಿಲ ಕೆಳಗೆ, ಶೌಚಾಲಯದ ಪಕ್ಕ, ಮೂರು ಕಾಲಿನ ಮೇಜು ಕೊಟ್ಟರು. ಕಾರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದೆ. ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರದಲ್ಲಿ ಗೆಳೆಯನಿದ್ದ, ನಮ್ಮ ಮಾತನ್ನು ಹಿಡಿದು ದೂರಕ್ಕೆ ದಾಟಿಸುವ, ಗುಡ್ಡದ ಮೇಲಿನ ರಿಪೀಟರ್ ಇನ್ನೂ ಉಸಿರಾಡುತ್ತಿತ್ತು. ಸಾಹೇಬರು ಮೊದಲು ಕೇಳಿದ್ದು, ‘ಇದರಲ್ಲಿ ಪಿಡಿಎಫ್ ಕಳುಹಿಸಬಹುದೇ?’ ಆಗುವುದಿಲ್ಲ, ಬಾಯಲ್ಲಿ ಹೇಳಿದರೆ ಅವನು ಬರೆದುಕೊಳ್ಳುತ್ತಾನೆ ಎಂದೆ. ‘ಪತ್ರ ಸಂಖ್ಯೆ ಇಲ್ಲದೆ ಬಾಯಲ್ಲಿ ಹೇಗೆ ಹೇಳುವುದು?’ ಎಂದು ಅವರು ನಿಜವಾಗಿಯೂ ಚಿಂತೆಗೆ ಬಿದ್ದರು. ಕೊನೆಗೆ ಪತ್ರ ಸಂಖ್ಯೆಯನ್ನೂ ದಿನಾಂಕವನ್ನೂ ಓದಿ ಹೇಳಿ, ಅದರ ಹಿಂದೆಯೇ ನಾಲ್ವರಿಗೆ ಇನ್ಸುಲಿನ್, ಒಬ್ಬ ತುಂಬು ಗರ್ಭಿಣಿ, ಮೂವತ್ತು ಕಂಬಳಿ ಎಂಬ ಮಾತುಗಳೂ ಗಾಳಿಯಲ್ಲಿ ದಾಟಿದವು.

ಮಧ್ಯಾಹ್ನದ ಹೊತ್ತಿಗೆ ಮೇಜಿನ ಮುಂದೆ ಬಂದು ನಿಂತವನು ಅದೇ ಪೇದೆ. ಅವನ ಹೆಂಡತಿ ಮಕ್ಕಳು ಅದೇ ಕೇಂದ್ರದಲ್ಲಿದ್ದರು. ಹುಷಾರಾಗಿದ್ದಾರೆಯೇ ಎಂದು ಒಂದು ಮಾತು ಕೇಳಿಸಬೇಕಿತ್ತು. ಮೂರನೆಯವರ ಸಂದೇಶವನ್ನು ನಾವು ನಮ್ಮಷ್ಟಕ್ಕೆ ಸಾಗಿಸುವಂತಿಲ್ಲ, ವಿಪತ್ತಿನಲ್ಲಾದರೂ ಅಧಿಕಾರಿಗಳ ಮೂಲಕವೇ ಬರಬೇಕು. ಹಾಗೆಂದು ಹೇಳಿದೆ. ಅವನು ಓಡಿಹೋಗಿ ಸಾಹೇಬರಿಂದ ಬಿಸ್ಕತ್ತಿನ ರಟ್ಟಿನ ಮೇಲೆ ಸಹಿ ಮಾಡಿಸಿಕೊಂಡು ಬಂದ. ಉತ್ತರಕ್ಕೆ ಮೂರು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. ಮೊಬೈಲಿನ ಪ್ರಸ್ತಾಪ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಟವರಿಗೆ ಜೀವ ಬಂತು. ಜೇಬಿನಲ್ಲಿದ್ದ ಫೋನು ಎರಡು ನಿಮಿಷ ಬಿಡದೆ ನಡುಗಿತು. ಮೊಟ್ಟಮೊದಲನೆಯದು ವಿಪತ್ತು ನಿರ್ವಹಣೆಯ ಗುಂಪಿನದು, ಎರಡನೆಯ ರಾತ್ರಿ ಕಳುಹಿಸಿದ್ದು: ‘ನೆಟ್‌ವರ್ಕ್ ಕಡಿತಗೊಂಡಿರುವುದರಿಂದ ಹ್ಯಾಮ್ ರೇಡಿಯೊದವರು ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ.’ ಕೊನೆಯದು ಸಂಘದ್ದು, ಆಗಷ್ಟೇ ಬಂದದ್ದು. ಮಳೆಗಾಲದ ಸುರಕ್ಷತೆಯ ದೃಷ್ಟಿಯಿಂದ ತಂತಿಯನ್ನು ವಾರದೊಳಗೆ ತೆರವುಗೊಳಿಸಬೇಕು ಎಂಬ ಅಂತಿಮ ನೋಟಿಸ್.

ಬ್ಯಾಟರಿ ಹೊತ್ತುಕೊಂಡು ಮನೆಗೆ ಬಂದೆ. ಮೂರು ದಿನದ ಮೇಲೆ ಬಿದ್ದ ಬಿಸಿಲಿಗೆ ನನ್ನ ಆಂಟೆನಾ ಆ ತುದಿಯಿಂದ ಈ ತುದಿಯವರೆಗೆ ತುಂಬಿತ್ತು. ಅಜ್ಜಿಯ ನಾಲ್ಕು ಸೀರೆ, ಎದುರುಮನೆಯ ಮಗುವಿನ ಅಂಗಿಗಳು, ತೆಂಗಿನ ಮರದ ಕಡೆ ಒಳ್ಳೆಯ ಬಿಸಿಲು ಬೀಳುವ ಜಾಗದಲ್ಲಿ, ಗಾಳಿಗೆ ಹಾರದಂತೆ ಕ್ಲಿಪ್ ಹಾಕಿ, ಅಧ್ಯಕ್ಷರ ಎರಡು ಜರಿಯಂಚಿನ ಪಂಚೆ.