ಹುಯ್ದಿದ್ದೋ, ಲಟ್ಟಿಸಿದ್ದೋ?

ಅಮ್ಮ ಹಾಸನದಿಂದ ಇಲ್ಲಿ ಬ್ರಿಟನ್ನಿಗೆ ಬಂದು ಎರಡು ತಿಂಗಳಾಯಿತು. ಹೋದ ಭಾನುವಾರ ಸಾಯಂಕಾಲ ಕಾಫಿ ಹೊತ್ತಿಗೆ ಜಾಫಾ ಕೇಕ್ ಪೊಟ್ಟಣ ಒಡೆದು ತಟ್ಟೆಗೆ ಹಾಕಿದೆ. ಮಗಳು "ಅಜ್ಜಿ, ಬಿಸ್ಕೆಟ್ ತಗೊಳ್ಳಿ" ಅಂದಳು. "ಬಿಸ್ಕತ್ತಲ್ಲ ಕಣೇ, ಕೇಕು" ಅಂದೆ ನಾನು. ಅಷ್ಟೇ, ಶುರುವಾಯಿತು. ಸ್ಕೂಲಲ್ಲಿ ಎಲ್ಲರೂ ಬಿಸ್ಕೆಟ್ ಅಂತಾರೆ ಅಂತ ಅವಳು, ಪೊಟ್ಟಣದ ಮೇಲೇ ಕೇಕ್ ಅಂತ ಬರೆದಿದೆ ನೋಡು ಅಂತ ನಾನು.

ಅಮ್ಮ ಒಂದನ್ನು ಕೈಗೆ ತಗೊಂಡು ಮಗುಚಿ ನೋಡಿದರು. ಅಡಿಭಾಗದಲ್ಲಿ ಚಾಕೊಲೇಟ್ ಇರುವುದಿಲ್ಲ. ಅಲ್ಲಿ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರು. ಒಳಗೆ ಹೋಯಿತು, ಕೈ ತೆಗೆದ ಮೇಲೆ ನಿಧಾನಕ್ಕೆ ಮತ್ತೆ ಮೇಲೆ ಬಂತು. ಆಮೇಲೆ ಒಂದೇ ಪ್ರಶ್ನೆ. "ಇದನ್ನ ಹುಯ್ದು ಮಾಡ್ತಾರಾ, ಲಟ್ಟಿಸಿ ಮಾಡ್ತಾರಾ?"

"ಹುಯ್ದು."

"ಹಂಗಾದ್ರೆ ಕೇಕು" ಅಂದು ಬಾಯಿಗೆ ಹಾಕಿಕೊಂಡರು.

ಅವತ್ತಿನಿಂದ ಅದೇ ತಲೆಯಲ್ಲಿ ಕೂತಿದೆ. ಯಾಕೆ ಅಂದರೆ ಇದೇ ಪ್ರಶ್ನೆಗೆ ಈ ದೇಶದಲ್ಲಿ ಟ್ರಿಬ್ಯೂನಲ್ ಕೂತು ತೀರ್ಪು ಬರೆದಿದೆ. ಊರಲ್ಲಿರುವ ಗೆಳೆಯರಿಗೆ ಈ ತಿಂಡಿ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಮೆಕ್‌ವಿಟೀಸ್ ಅನ್ನುವ ಬಿಸ್ಕತ್ತು ಕಂಪನಿಯವರು 1927ರಲ್ಲಿ ಶುರು ಮಾಡಿದ್ದು. ಅಂಗೈ ಮಧ್ಯದಲ್ಲಿ ಕೂರುವಷ್ಟು ಅಗಲ. ಕೆಳಗೆ ತೆಳ್ಳನೆ ಸ್ಪಂಜು, ಅದರ ಮೇಲೆ ಕಿತ್ತಳೆ ರುಚಿಯ ಜಾಮ್, ಅದನ್ನು ಮುಚ್ಚಿದ ಹಾಗೆ ಚಾಕೊಲೇಟ್. ಜಾಫಾ ಅನ್ನುವುದು ಕಿತ್ತಳೆಗೆ ಹೆಸರಾದ ಹಳೇ ಬಂದರು ಪಟ್ಟಣ, ಈಗ ಇಸ್ರೇಲಿನ ಟೆಲ್ ಅವೀವ್ ನಗರದೊಳಗೇ ಸೇರಿದೆ. ಆ ಹಣ್ಣಿನ ಹೆಸರೇ ತಿಂಡಿಗೂ ಬಂತು. ಮ್ಯಾಂಚೆಸ್ಟರ್ ಹತ್ತಿರದ ಸ್ಟಾಕ್‌ಪೋರ್ಟಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಇಲ್ಲಿ ಇದನ್ನು ತಿನ್ನದ ಮನೆ ಹುಡುಕಬೇಕು.

ಜಗಳ ಬಂದಿದ್ದು ತೆರಿಗೆಗೆ. ಬ್ರಿಟನ್ನಿನಲ್ಲಿ ಕೇಕಿಗೆ ವ್ಯಾಟ್ ಸೊನ್ನೆ. ಬಿಸ್ಕತ್ತಿಗೂ ಸೊನ್ನೆಯೇ. ಆದರೆ ಬಿಸ್ಕತ್ತಿನ ಮೇಲೆ ಚಾಕೊಲೇಟ್ ಬಳಿದರೆ ಪೂರ್ತಿ ವ್ಯಾಟ್, ಆಗ 17.5%, ಈಗ 20%. ಕೇಕಿನ ಮೇಲೆ ಎಷ್ಟೇ ಚಾಕೊಲೇಟ್ ಸುರಿದರೂ ಪರವಾಗಿಲ್ಲ. ಅಂದರೆ ಜಾಫಾ ಕೇಕ್ ಕೇಕಾದರೆ ತೆರಿಗೆ ಇಲ್ಲ, ಬಿಸ್ಕತ್ತಾದರೆ ಪ್ರತಿ ಪೊಟ್ಟಣಕ್ಕೂ ಇದೆ. ಈ ನಿಯಮ ಎಷ್ಟು ಸೂಕ್ಷ್ಮ ಅಂದರೆ, ಮನುಷ್ಯನ ಆಕಾರದ ಶುಂಠಿ ಬಿಸ್ಕತ್ತಿಗೆ ಕಣ್ಣಿನ ಜಾಗದಲ್ಲಿ ಎರಡು ಚುಕ್ಕಿ ಚಾಕೊಲೇಟ್ ಇಟ್ಟರೆ ತೆರಿಗೆ ಇಲ್ಲ, ಅಂಗಿ ಗುಂಡಿಗೂ ಚಾಕೊಲೇಟ್ ಇಟ್ಟರೆ ಇದೆ. ಸರ್ಕಾರದ ಕೈಪಿಡಿಯಲ್ಲೇ ಇರುವ ಮಾತು ಇದು.

1991ರಲ್ಲಿ ಕೇಸು ವ್ಯಾಟ್ ಟ್ರಿಬ್ಯೂನಲ್ ಮುಂದೆ ಬಂತು. ತೀರ್ಪು ಕೊಟ್ಟವರು ಡಿ.ಸಿ. ಪಾಟರ್. ಆ ತೀರ್ಪಿನ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ. ಹೆಸರಲ್ಲಿ ಕೇಕ್ ಅಂತ ಇದ್ದ ಮಾತ್ರಕ್ಕೆ ಕೇಕಾಗಿಬಿಡುವುದಿಲ್ಲ ಅಂತ ಅವರು ಮೊದಲೇ ಪಕ್ಕಕ್ಕಿಟ್ಟರು (ಮಗಳ ಜೊತೆ ನಾನು ಹೂಡಿದ ವಾದ ಅಲ್ಲಿಗೇ ಬಿತ್ತು). ಆಮೇಲೆ ಒಂದೊಂದೇ ಗುಣ ನೋಡುತ್ತಾ ಹೋದರು. ಗಾತ್ರ ಬಿಸ್ಕತ್ತಿನದು. ಪೊಟ್ಟಣ ಬಿಸ್ಕತ್ತಿನದು. ಅಂಗಡಿಯಲ್ಲಿ ಇಡುವುದು ಬಿಸ್ಕತ್ತಿನ ಸಾಲಿನಲ್ಲಿ. ಫೋರ್ಕ್ ಬೇಡ, ಬೆರಳಲ್ಲೇ ಎತ್ತಿ ತಿನ್ನುತ್ತಾರೆ. ಇಷ್ಟೂ ಬಿಸ್ಕತ್ತಿನ ಕಡೆಗೆ. ಆದರೆ ಹಾಕಿರುವುದು ಮೊಟ್ಟೆ, ಹಿಟ್ಟು, ಸಕ್ಕರೆ, ಮಾಮೂಲಿ ಸ್ಪಂಜ್ ಕೇಕಿಗೆ ಹಾಕುವುದೇ. ಕಲಸಿರುವುದು ತೆಳ್ಳಗೆ, ಬಿಸ್ಕತ್ತಿನ ಹಾಗೆ ಗಟ್ಟಿ ಅಲ್ಲ. ಮುರಿದರೆ ಟಕ್ ಅನ್ನುವುದಿಲ್ಲ, ಮೆತ್ತಗೆ ಪುಡಿಯಾಗುತ್ತದೆ. ಹಳಸಿದರೆ ಗಟ್ಟಿಯಾಗುತ್ತದೆ. ಎರಡರ ಗುಣವೂ ಇದೆ, ಆದರೂ ಕೇಕ್ ಅನ್ನಲು ಬೇಕಾದಷ್ಟು ಇದೆ ಅಂತ ತೀರ್ಮಾನ. ತೆರಿಗೆ ಇಲ್ಲ.

ಈಗ ಆ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಬಿಸ್ಕತ್ತಿನ ಪರವಾಗಿ ಇರುವುದೆಲ್ಲ ಎಲ್ಲಿ ಇಡುತ್ತಾರೆ, ಹೇಗೆ ಕಟ್ಟುತ್ತಾರೆ, ಹೇಗೆ ತಿನ್ನುತ್ತಾರೆ ಅನ್ನುವ ಮಾತು. ಕೇಕಿನ ಪರವಾಗಿ ಇರುವುದೆಲ್ಲ ಹೇಗೆ ಮಾಡುತ್ತಾರೆ, ಏನಾಗಿ ಹುಟ್ಟಿತು, ಹಳೆಯದಾದರೆ ಏನಾಗುತ್ತದೆ ಅನ್ನುವ ಮಾತು. ನನಗೆ ಎರಡನೆಯದೇ ಮುಖ್ಯ. ಅಂಗಡಿಯವನು ಎಲ್ಲಿ ಬೇಕಾದರೂ ಇಡಬಹುದು. ಅವಲಕ್ಕಿಯನ್ನು ಬೇಳೆ ಪಕ್ಕ ಇಟ್ಟರೆ ಅದು ಬೇಳೆ ಆಗುತ್ತಾ?

ನಮ್ಮ ಅಡುಗೆಮನೆ ಮಾತಿನಲ್ಲಿ ಇದು ಎಷ್ಟು ಸ್ಪಷ್ಟವಾಗಿದೆ ನೋಡಿ. ದೋಸೆ ಹುಯ್ಯುತ್ತೇವೆ. ಚಪಾತಿ ಲಟ್ಟಿಸುತ್ತೇವೆ. ರೊಟ್ಟಿ ತಟ್ಟುತ್ತೇವೆ. ಚಕ್ಕುಲಿ ಒತ್ತುತ್ತೇವೆ. ಯಾರೂ ದೋಸೆ ಲಟ್ಟಿಸು ಅನ್ನುವುದಿಲ್ಲ, ಅಲ್ವಾ? ಕ್ರಿಯಾಪದವೇ ಜಾತಿ ಹೇಳಿಬಿಡುತ್ತದೆ. ದೋಸೆ ದುಂಡಗಿದೆ, ಚಪಾತಿಯೂ ದುಂಡಗಿದೆ, ಎರಡನ್ನೂ ಕೈಯಲ್ಲೇ ಮುರಿದು ತಿನ್ನುತ್ತೇವೆ, ಎರಡಕ್ಕೂ ಚಟ್ನಿ ನಡೆಯುತ್ತದೆ. ಹಾಗಂತ ದೋಸೆಯನ್ನು ಚಪಾತಿ ಅಂದವರನ್ನು ನಾನಂತೂ ನೋಡಿಲ್ಲ. ಕೇಕಿನ ಹಿಟ್ಟು ಹುಯ್ಯುವಂಥದ್ದು, ಬಿಸ್ಕತ್ತಿನ ಹಿಟ್ಟು ನಾದಿ ಲಟ್ಟಿಸಿ ಕತ್ತರಿಸುವಂಥದ್ದು. ಜಾಫಾ ಕೇಕಿನ ಸ್ಪಂಜು ಹುಯ್ದಿದ್ದು. ನನ್ನ ಮಟ್ಟಿಗೆ ಇಷ್ಟು ಸಾಕು.

ಆದರೂ ಮಗಳು ಒಪ್ಪಲಿಲ್ಲ. ಸರಿ, ಪರೀಕ್ಷೆ ಮಾಡೋಣ ಅಂದೆ. ಭಾನುವಾರ ರಾತ್ರಿ ಒಂದು ಜಾಫಾ ಕೇಕು, ಒಂದು ಡೈಜೆಸ್ಟಿವ್ ಬಿಸ್ಕತ್ತು, ಎರಡನ್ನೂ ತಟ್ಟೆಯಲ್ಲಿ ಹಾಕಿ ಮುಚ್ಚದೆ ಫ್ರಿಜ್ ಮೇಲೆ ಇಟ್ಟೆವು. ವಾರವಿಡೀ ಜಿಟಿಜಿಟಿ ಮಳೆ. ಬುಧವಾರ ಸ್ಕೂಲಿಂದ ಬಂದವಳೇ ಸ್ಟೂಲ್ ಹತ್ತಿ ತಟ್ಟೆ ಇಳಿಸಿದಳು. ಬಿಸ್ಕತ್ತು ಮುರಿದಳು, ಸದ್ದೇ ಇಲ್ಲ. ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟ ಚಕ್ಕುಲಿ ಹಾಗೆ ಮೆತ್ತಗಾಗಿತ್ತು. ಜಾಫಾ ಕೇಕಿನ ಅಂಚಿನ ಸ್ಪಂಜನ್ನು ಉಗುರಿಂದ ಕೆರೆದಳು, ಒಣಗಿ ಗಟ್ಟಿಯಾಗಿತ್ತು, ಅಮ್ಮ ಒತ್ತಿದ ಹಾಗೆ ಒತ್ತಿದರೆ ಒಳಗೇ ಹೋಗಲಿಲ್ಲ. ಬಿಸ್ಕತ್ತಿನಲ್ಲಿ ನೀರಿನಂಶ ತೀರಾ ಕಮ್ಮಿ, ಹಾಗಾಗಿ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಸ್ಪಂಜಿನಲ್ಲಿ ನೀರು ಜಾಸ್ತಿ, ಅದು ಬಿಟ್ಟುಕೊಡುತ್ತದೆ. ಒಂದೇ ತಟ್ಟೆ, ಒಂದೇ ಗಾಳಿ, ಎರಡು ದಾರಿ. ಮಗಳು ತುಂಬಾ ಹೊತ್ತು ಸುಮ್ಮನಿದ್ದು "ಆದ್ರೂ ನಾವು ಬಿಸ್ಕೆಟ್ ಡಬ್ಬೀಲೇ ಇಡ್ತೀವಲ್ಲ" ಅಂದಳು.

ಎಲ್ಲ ತೀರ್ಪೂ ನನಗೆ ಒಪ್ಪಿಗೆ ಅಂತ ಅಲ್ಲ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯ ಚಾಕೊಲೇಟ್ ಟೀಕೇಕ್ ಅಂತ ಇದೆ. ತಳದಲ್ಲಿ ಬಿಸ್ಕತ್ತು, ಮೇಲೆ ಗುಮ್ಮಟದ ಹಾಗೆ ಮಾರ್ಷ್‌ಮ್ಯಾಲೋ (ಮೆತ್ತನೆ ಸಕ್ಕರೆ ಮಿಠಾಯಿ), ಸುತ್ತ ಚಾಕೊಲೇಟ್. ವ್ಯಾಟ್ ಬಂದ 1973ರಿಂದ ತೆರಿಗೆ ಇಲಾಖೆಯವರು ಅದನ್ನು ಬಿಸ್ಕತ್ತು ಅಂತ ತೆರಿಗೆ ವಸೂಲಿ ಮಾಡಿದರು. 1994ರಲ್ಲಿ ತಪ್ಪಾಯಿತು, ಅದು ಕೇಕು ಅಂತ ಒಪ್ಪಿಕೊಂಡರು. ಕಂಪನಿ 35 ಲಕ್ಷ ಪೌಂಡ್ ವಾಪಸ್ ಕೇಳಿತು, ಯುರೋಪಿನ ಕೋರ್ಟಿಗೆಲ್ಲ ಹೋಗಿ 2009ರಲ್ಲಿ ಮುಗಿಯಿತು. ತಳದಲ್ಲಿ ಬಿಸ್ಕತ್ತೇ ಇರುವಾಗ ಅದು ಹೇಗೆ ಕೇಕು? ಹುಯ್ದಿದ್ದು ಅದರಲ್ಲಿ ಏನಿದೆ? ಅಷ್ಟೂ ವರ್ಷ ಆ ತೆರಿಗೆ ಸೇರಿದ ಬೆಲೆ ಕೊಟ್ಟು ತಿಂದವರು ಜನ. ಅವರ ಕೈಗೆ ಒಂದು ಪೆನ್ನಿಯೂ ವಾಪಸ್ ಬರಲಿಲ್ಲ ಅನ್ನುವುದು ನನಗೆ ಇನ್ನೂ ಬೇಜಾರು. 2014ರಲ್ಲಿ ಸ್ಕಾಟ್ಲೆಂಡಿನ ಸ್ನೋಬಾಲ್ ಅನ್ನೂ ಕೇಕ್ ಅಂದರು, ಕೇಕುಗಳ ತಟ್ಟೆಯಲ್ಲಿ ಇಟ್ಟರೆ ಬೇರೆ ಥರ ಕಾಣುವುದಿಲ್ಲ ಅಂತ. ಮಾರ್ಷ್‌ಮ್ಯಾಲೋ ಮೇಲೆ ಚಾಕೊಲೇಟು, ತೆಂಗಿನಕಾಯಿ ತುರಿ. ತಟ್ಟೆಯಲ್ಲಿ ಹೊಂದಿಕೊಂಡರೆ ಕೇಕಾ? ನನಗೆ ಅದು ಮಿಠಾಯಿ.

ಇದು ಬರೀ ಇಂಗ್ಲೆಂಡಿನವರ ಹುಚ್ಚು ಅಂದುಕೊಳ್ಳಬೇಡಿ. 2020ರಲ್ಲಿ ನಮ್ಮ ಕರ್ನಾಟಕದ ಜಿಎಸ್‌ಟಿ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರದ ಮುಂದೆ ಬೆಂಗಳೂರಿನ ಕಂಪನಿಯೊಂದು ಹೋಗಿತ್ತಲ್ಲ, ಪೊಟ್ಟಣದ ಪರೋಟದ ವಿಷಯಕ್ಕೆ. ಆಗ ರೊಟ್ಟಿ, ಚಪಾತಿ, ಖಾಖ್ರಾಕ್ಕೆ 5% ಇತ್ತು. ಪರೋಟವನ್ನು ತಿನ್ನುವ ಮುಂಚೆ ಬಿಸಿ ಮಾಡಬೇಕು, ಆದ್ದರಿಂದ ಅದು ಆ ಗುಂಪಿಗೆ ಸೇರಲ್ಲ, 18% ಅಂದರು. ಅವತ್ತೂ ನನಗೆ ಸಿಟ್ಟು ಬಂದಿತ್ತು. ನಾದಿ, ಲಟ್ಟಿಸಿ, ಕಾವಲಿ ಮೇಲೆ ಬೇಯಿಸಿದ್ದು ರೊಟ್ಟಿ ಮನೆತನದ್ದೇ. ಬಿಸಿ ಮಾಡುವುದು ತಿನ್ನುವವರ ಕೆಲಸ, ಅದರಿಂದ ತಿಂಡಿಯ ಹುಟ್ಟು ಬದಲಾಗಲ್ಲ. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ಚಪಾತಿಗೂ ಪರೋಟಕ್ಕೂ ಎರಡಕ್ಕೂ ತೆರಿಗೆ ಸೊನ್ನೆ ಮಾಡಿದರು. ಅಲ್ಲಿಗೆ ಆ ಜಗಳ ಮುಗಿಯಿತು.

ನನ್ನ ಲೆಕ್ಕಕ್ಕೆ ಕಷ್ಟ ಕೊಟ್ಟಿದ್ದು ಕೇಕ್ ರಸ್ಕ್ ಒಂದೇ. ಅಡುಗೆಮನೆಯಲ್ಲಿ ನಿಂತು ಅಮ್ಮನನ್ನೇ ಕೇಳಿದೆ. ಅದು ಹುಯ್ದಿದ್ದೇ ಅಲ್ವಾ, ಮತ್ತೆ ಯಾಕೆ ಕೇಕ್ ಅಲ್ಲ? "ಹುಯ್ದು ಬೇಯಿಸಿ, ಕುಯ್ದು, ಇನ್ನೊಂದ್ಸಲ ಬೇಯಿಸ್ತಾರಲ್ಲೇ" ಅಂದರು. ಲ್ಯಾಟಿನ್ನಿನಲ್ಲಿ ಬಿಸ್ಕತ್ತು ಅನ್ನುವ ಪದದ ಮೂಲ ಅರ್ಥವೇ ಎರಡು ಸಲ ಬೇಯಿಸಿದ್ದು ಅಂತ. ಅಮ್ಮನಿಗೆ ಲ್ಯಾಟಿನ್ ಗೊತ್ತಿಲ್ಲ. ಬೇಕರಿ ಗೊತ್ತು. ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಗಳ ಬೇರು ಇರುವ ಜಿಲ್ಲೆಯವರು. ಎರಡನೇ ಸಲ ಒಲೆಗೆ ಹೋದಾಗ ಕೇಕು ತನ್ನ ನೀರೆಲ್ಲ ಕಳೆದುಕೊಂಡು ರಸ್ಕ್ ಆಗುತ್ತದೆ, ಹೊರಗಿಟ್ಟರೆ ಮೆತ್ತಗಾಗುತ್ತದೆ, ಬಿಸ್ಕತ್ತಿನ ಕಡೆಗೇ ಹೋಗುತ್ತದೆ. ಜಾಫಾ ಕೇಕ್ ಒಂದೇ ಸಲ ಒಲೆಗೆ ಹೋಗುವುದು.

ಇನ್ನೊಂದು ಹೇಳಲೇಬೇಕು. ಜಾಫಾ ಕೇಕ್ ತಿಂದು ಮುಗಿಸಿದ ಅಮ್ಮ "ಇದು ನಮ್ಮ ಹನಿ ಕೇಕ್ ತಮ್ಮ ಅಲ್ವೇನೇ" ಅಂದರು. ಹೌದಲ್ಲ! ಕೆಳಗೆ ಸ್ಪಂಜು, ಮೇಲೆ ಜಾಮು. ನಮ್ಮಲ್ಲಿ ಕೊಬ್ಬರಿ ಪುಡಿ ಉದುರಿಸುತ್ತಾರೆ, ಇಲ್ಲಿ ಚಾಕೊಲೇಟ್ ಮುಚ್ಚುತ್ತಾರೆ. ಹನಿ ಕೇಕನ್ನೂ ಕೈಯಲ್ಲೇ ಹಿಡಿದು ತಿನ್ನುತ್ತೇವೆ, ಬೆರಳೆಲ್ಲ ಅಂಟಾದರೂ. ಅದನ್ನು ಬಿಸ್ಕತ್ತು ಅಂತ ಯಾರಾದರೂ ಅಂದಿದ್ದಾರಾ?

ಮುಂದಿನ ತಿಂಗಳು ಅಮ್ಮ ವಾಪಸ್ ಹೊರಡುತ್ತಾರೆ. ಸೂಟ್‌ಕೇಸಿನಲ್ಲಿ ನಾಲ್ಕು ಪೊಟ್ಟಣಕ್ಕೆ ಈಗಲೇ ಜಾಗ ಬಿಟ್ಟಿದ್ದಾರೆ. ಮನೆ ಹತ್ತಿರದ ಬೇಕರಿಯವರಿಗೆ ಒಂದು ಕೊಟ್ಟು, ಹನಿ ಕೇಕ್ ಮೇಲೆ ಹೀಗೆ ಚಾಕೊಲೇಟ್ ಹುಯ್ದು ಕೊಡೋಕಾಗುತ್ತಾ ಅಂತ ಕೇಳಬೇಕಂತೆ.