ಮೂರು ಕಿಲೋಮೀಟರ್ ಓಟ, ಮೂರು ಪ್ಲೇಟ್ ನಾಷ್ಟಾ

ಕಲಬುರಗಿಯಲ್ಲಿ ಬೊಜ್ಜಿನ ವಿರುದ್ಧ ಮತ್ತೊಂದು ಜಾಗೃತಿ ಓಟ ಮುಗಿಯಿತು. ಇಂಥ ಓಟದ ಫೋಟೋ ಎಲ್ಲರೂ ನೋಡಿದ್ದೀರಿ. ಒಂದು ಬಾವುಟ, ಅದಕ್ಕೆ ಜೋತುಬಿದ್ದ ಹತ್ತು ಕೈ. ಟೀ-ಶರ್ಟಿನ ಎದೆ ಮೇಲೆ ‘ಬೊಜ್ಜು ಬಿಡಿ’, ಬೆನ್ನ ಮೇಲೆ ಮಿಠಾಯಿ ಅಂಗಡಿಯ ಜಾಹೀರಾತು. ಇದನ್ನು ನೋಡಿ ನಗುವವರಿಗೆ ವ್ಯಾಪಾರ ಗೊತ್ತಿಲ್ಲ. ಊರಿಗೆ ಊರನ್ನೇ ಬೆಳಗಾಮುಂಜಾನೆ ಓಡಿಸಿ ಹಸಿವು ಏರಿಸುವ ಕಾರ್ಯಕ್ರಮಕ್ಕೆ ಮಿಠಾಯಿಯವರು ರೊಕ್ಕ ಹಾಕದೆ ಮತ್ತ್ಯಾರು ಹಾಕಬೇಕು?

ಆರು ಗಂಟೆಯ ಓಟ ಕಲಬುರಗಿಯಲ್ಲಿ ಏಳೂವರೆಗೆ ಶುರುವಾಗುತ್ತದೆ. ‘ಸಾಹೇಬ್ರು ಬರ್ಲಾಕತ್ತಾರ, ಐದೇ ಮಿನಿಟು’ ಅಂತ ಮೈಕು ಹದಿನೆಂಟು ಸಲ ಹೇಳಬೇಕು. ಓಡುವ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ತಿನ್ನಿ, ಆಮೇಲಿನ ಹಸಿವು ಹದ್ದುಬಸ್ತಿನಲ್ಲಿರುತ್ತದೆ ಅನ್ನುವುದು ಬಲ್ಲವರ ಮಾತು. ಸರಿ, ಆದರೆ ಬಾವುಟ ಯಾವಾಗ ಬೀಳುತ್ತದೆಂದು ಬಾವುಟ ಹಿಡಿದವರಿಗೇ ಗೊತ್ತಿಲ್ಲದಾಗ ಆ ‘ಅರ್ಧ ಗಂಟೆ ಮುಂಚೆ’ ಎಂಬುದು ಯಾವಾಗ ಬರುತ್ತದೆ? ಐದೂವರೆಗೆ ತಿಂದ ಬಾಳೆಹಣ್ಣು ಸ್ವಾಗತ ಭಾಷಣಕ್ಕೇ ಕರಗಿರುತ್ತದೆ. ‘ಮಿತಾಹಾರ’ ಕುರಿತ ಉಪನ್ಯಾಸವನ್ನು ಖಾಲಿ ಹೊಟ್ಟೆಯಲ್ಲಿ ಕೇಳಿಸುವ ಈ ಏರ್ಪಾಡನ್ನು ಮೆಚ್ಚಲೇಬೇಕು.

ಆಮೇಲೆ ಓಟ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ, ಮೂರು ಕಿಲೋಮೀಟರು. ಲೆಕ್ಕ ಇರುವುದು ನಾಷ್ಟಾದ ಕೌಂಟರಿನಲ್ಲಿ.

ದೇಹತೂಕದ ಒಂದು ಕಿಲೋಗೆ, ಓಡಿದ ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 1 ಕ್ಯಾಲರಿ ಖರ್ಚು. ಜೋರಾಗಿ ಓಡಿದರೂ ಮೆಲ್ಲಗೆ ಓಡಿದರೂ ಈ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. 70 ಕಿಲೋದ ಮನುಷ್ಯ 3 ಕಿಲೋಮೀಟರ್ ಓಡಿದರೆ 210. ಅಂದರೆ 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ. ಒಂದೇ ಒಂದು, ಪಲ್ಯ ಬಿಟ್ಟು. ಇಷ್ಟು ಗಳಿಸಿದವನ ಮುಂದೆ ಇಡುವುದೇನು? ಪೂರಿ, ಶಿರಾ, ಸುಸಲಾ, ಮಿರ್ಚಿ ಭಜಿ.

ಮಿರ್ಚಿ ಭಜಿಯ ಮೇಲೆ ಯಾರಿಗೂ ಸಿಟ್ಟಿಲ್ಲ, ಕಲಬುರಗಿಯಲ್ಲಿದ್ದು ಅಂಥ ಸಿಟ್ಟು ಇಟ್ಟುಕೊಳ್ಳುವುದೂ ಕಷ್ಟ. ಸಂಜೆ ಬಂಡಿಯ ಮುಂದೆ ನಿಂತು, ಕಾದ ಎಣ್ಣೆಯಿಂದ ನಾಲ್ಕೇ ನಾಲ್ಕು ತೆಗೆದದ್ದನ್ನು ತಿನ್ನುವುದು ಬೇರೆ. ಸಾವಿರ ಜನರ ನಾಷ್ಟಾ ಅಂದಕೂಡಲೆ ಬಾಣಲೆಗೆ ಒಮ್ಮೆಲೇ ನಲವತ್ತು ಬಿಡುತ್ತಾರೆ, ಎಣ್ಣೆಯ ಕಾವು ಧೊಪ್ಪನೆ ಇಳಿಯುತ್ತದೆ. ಉಬ್ಬಲಿ ಅಂತ ಸೋಡಾ ಒಂದು ಚಿಟಿಕೆ ಜಾಸ್ತಿ ಬಿದ್ದಿರುತ್ತದೆ. ಕಾವಿಲ್ಲದ ಎಣ್ಣೆಯಲ್ಲಿ ಸೋಡಾದ ಹಿಟ್ಟು ಬಟ್ಟೆ ನೀರು ಕುಡಿದಂತೆ ಕುಡಿಯುತ್ತದೆ. ಹಿಂಡಿದರೆ ಅಂಗೈ ಹೊಳೆಯುತ್ತದೆ. ಎಣ್ಣೆ ಗ್ರಾಂಗೆ 9 ಕ್ಯಾಲರಿ, ದೊಡ್ಡ ಚಮಚ ಒಂದಕ್ಕೆ 120. ಅರ್ಧ ಊರು ಸುತ್ತಿದ ಓಟ ಎರಡು ಚಮಚ ಎಣ್ಣೆಯಲ್ಲಿ ಮುಳುಗಿತು, ಕಡಲೆ ಹಿಟ್ಟಿನ ಲೆಕ್ಕ ಇನ್ನೂ ಬಾಕಿ.

ಕೈಗಡಿಯಾರ ಕಟ್ಟಿದವರ ತಕರಾರು ಒಂದಿರುತ್ತದೆ: ‘ನನ್ನ ವಾಚು ನಾಲ್ಕು ನೂರು ತೋರಿಸ್ಯಾದ.’ ತೋರಿಸಲಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಅಂಥ ಏಳು ಕೈಪಟ್ಟಿಗಳನ್ನು ಪರೀಕ್ಷಿಸಿದರು. ನಾಡಿ ಬಡಿತವನ್ನು ಬಹುತೇಕ ಎಲ್ಲವೂ ಚೆನ್ನಾಗಿಯೇ ಅಳೆದವು. ಕ್ಯಾಲರಿ ಲೆಕ್ಕದಲ್ಲಿ ಮಾತ್ರ ಇದ್ದುದರಲ್ಲಿ ಒಳ್ಳೆಯದೇ ಸರಾಸರಿ ಶೇ. 27ರಷ್ಟು ತಪ್ಪಿತು, ಕೆಟ್ಟದ್ದು ಶೇ. 93ರಷ್ಟು. ಕಿರಾಣಿ ಅಂಗಡಿಯ ತಕ್ಕಡಿ ಇಷ್ಟು ತಪ್ಪಿದರೆ ಓಣಿ ಸೇರುತ್ತದೆ. ವಾಚು ತಪ್ಪಿದರೆ ಶಿರಾದ ಎರಡನೇ ಪ್ಲೇಟು ಬರುತ್ತದೆ.

ಇನ್ನೊಂದು ಗುಟ್ಟು. ಮೈಮುರಿದು ಓಡಿದವನಿಗೆ ತಕ್ಷಣ ಹಸಿವೇ ಆಗುವುದಿಲ್ಲ. ಮೈ ಕಾದಿರುತ್ತದೆ, ಹೊಟ್ಟೆಯ ಕಡೆ ಹೋಗಬೇಕಾದ ರಕ್ತ ಕಾಲಿಗೆ ಹೋಗಿರುತ್ತದೆ, ಹಸಿವೆಬ್ಬಿಸುವ ಘ್ರೆಲಿನ್ ಹಾರ್ಮೋನ್ ಸ್ವಲ್ಪ ಹೊತ್ತು ತಗ್ಗಿರುತ್ತದೆ. ಅಸಲಿ ಹಸಿವು ಬರುವುದು ತಾಸೆರಡು ತಾಸಿನ ಮೇಲೆ. ಉದ್ದದ ಓಟವಾದರೆ ಮರುದಿನವೂ ಬರಬಹುದು. ಆದ್ದರಿಂದ ಗೆರೆ ದಾಟಿದ ಮರುನಿಮಿಷವೇ ಮೊಣಕೈ ಬೀಸುತ್ತ ಕೌಂಟರಿಗೆ ನುಗ್ಗುವವರು ಒಂದೋ ಓಡಿಲ್ಲ, ಇಲ್ಲವೇ ಅವರನ್ನು ನುಗ್ಗಿಸುತ್ತಿರುವುದು ಪುಕ್ಕಟೆ ಅನ್ನುವ ಹಾರ್ಮೋನು.

ವಾರಕ್ಕೆ ನಾಲ್ಕೈದು ದಿನ ಸದ್ದಿಲ್ಲದೆ ಓಡುವವರ ಕಷ್ಟ ಬೇರೆ. ಅವರ ಹಸಿವು ನಿಜದ ಹಸಿವು. ಅದನ್ನು ಹಿಡಿಯಲು ಹೋಗಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ: ಓಡಿ ಬಂದು, ತೂಕ ಇಳಿಯಲಿ ಅಂತ ನಾಷ್ಟಾ ಬಿಡುತ್ತಾರೆ. ಹನ್ನೊಂದಕ್ಕೆ ಚಾ ಜೊತೆ ನಾಲ್ಕು ಬಿಸ್ಕೀಟು, ನಾಲ್ಕಕ್ಕೆ ಮತ್ತೆ ಚಾ, ಆಮೇಲೆ ರಾತ್ರಿ ಹತ್ತಕ್ಕೆ ಅಡುಗೆಮನೆಯ ಡಬ್ಬಿಗಳ ಮೇಲೆ ದಂಡಯಾತ್ರೆ. ಬೆಳಿಗ್ಗೆ ಉಳಿಸಿದ 300 ಕ್ಯಾಲರಿ ರಾತ್ರಿ ಬಡ್ಡಿ ಸಮೇತ ವಸೂಲಾಗುತ್ತದೆ. ಮಲಗಿದ್ದು ಐದೇ ತಾಸಾದರೆ ಮರುದಿನದ ಹಸಿವು ಮತ್ತಷ್ಟು.

ಇದಕ್ಕೆ ಮದ್ದು ಈ ಊರಿನ ಒಲೆ ಮೇಲೇ ಇದೆ. ಬಂದ ಕೂಡಲೆ ಮೊದಲು ನೀರು. ಬೇಸಿಗೆಯಲ್ಲಿ ಓಡುವ ಮೊದಲೂ ಆಮೇಲೂ ತೂಕ ನೋಡಿಕೊಂಡರೆ ಲೆಕ್ಕ ಸಿಗುತ್ತದೆ. ಅರ್ಧ ಕಿಲೋ ಇಳಿದಿದ್ದರೆ ಅರ್ಧದಿಂದ ಮುಕ್ಕಾಲು ಲೀಟರ್, ಒಂದೇ ಸಲ ಸುರಿದುಕೊಳ್ಳದೆ. ಉಪ್ಪು ಹಾಕಿದ ಮಜ್ಜಿಗೆಯೂ ನಡೆಯುತ್ತದೆ. ತಾಸಿನೊಳಗೆ ಎರಡು ರೊಟ್ಟಿ, ಒಂದು ಬಟ್ಟಲು ಗಟ್ಟಿ ಬ್ಯಾಳಿ, ಮೊಸರು, ಎರಡು ಚಮಚ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. 30 ಗ್ರಾಂ ತೊಗರಿ ಬ್ಯಾಳಿಯಲ್ಲಿ 6 ಗ್ರಾಂ ಮೀರಿ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲೂ ಅಷ್ಟೇ. ದಿನಾ ಓಡುವ 70 ಕಿಲೋದವರಿಗೆ ದಿನಕ್ಕೆ 85ರಿಂದ 110 ಗ್ರಾಂ ಬೇಕು, ಅದನ್ನು ನಾಲ್ಕು ಹೊತ್ತಿಗೆ ಹಂಚಿಕೊಳ್ಳಬೇಕು. ಶೇಂಗಾ ಹಿಂಡಿಯಲ್ಲಿ ಮಾತ್ರ ಚಮಚ ಎಣಿಸಿ, ನೂರು ಗ್ರಾಂ ಶೇಂಗಾಕ್ಕೆ 560 ಕ್ಯಾಲರಿ ಮೇಲೆ. ಬಿಸಿ ರೊಟ್ಟಿ ಮೂರು ಹೋದದ್ದು ಗೊತ್ತಾಗುವುದಿಲ್ಲ. ಕಡಕ್ ರೊಟ್ಟಿ ಮುರಿದು ಅಗಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ, ಸಾಕು ಅನ್ನುವ ಸುದ್ದಿ ತಲೆಗೆ ಮುಟ್ಟಲು ಬೇಕಾದ ಹೊತ್ತೂ ಹೆಚ್ಚುಕಡಿಮೆ ಅಷ್ಟೇ.

ಭಜಿ ಅಂದೆನಲ್ಲ, ಎಳ್ಳಮವಾಸ್ಯೆಯ ಭಜ್ಜಿ ನೆನಪಾಯಿತು. ಒಂದೇ ಒಂದು ಒತ್ತು ಹೆಚ್ಚು, ಅಷ್ಟಕ್ಕೇ ಎಂಥ ವ್ಯತ್ಯಾಸ. ಇದ್ದಬದ್ದ ತಪ್ಪಲು (ಸೊಪ್ಪು), ಹಸಿ ತೊಗರಿ, ಅವರೆ, ಶೇಂಗಾ ಹಾಕಿ ಕುದಿಸಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಂಬಲಿ. ನಾರು, ಕಾಳು, ನೀರು ಮೂರೂ ಒಂದೇ ಗಂಗಾಳದಲ್ಲಿ. ಓಡುವವರ ಹಸಿವಿಗೆ ಇದಕ್ಕಿಂತ ಒಳ್ಳೆಯದನ್ನು ಯಾವ ಪ್ರೋಟೀನ್ ಡಬ್ಬಿಯವನೂ ಮಾಡಿಲ್ಲ. ಆದರೆ ನಮಗೆ ಅದು ವರ್ಷಕ್ಕೊಮ್ಮೆ ಹೊಲದಲ್ಲಿ ಕೂತು ಉಣ್ಣುವುದು. ಉಳಿದ ದಿನ ಮೈದಾ ಪೂರಿ. ತೊಗರಿಯ ಕಣಜ ಅಂತ ಕಮಾನು ಕಟ್ಟುತ್ತೇವೆ, 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಬಂತು ಅಂತ ಹೆಮ್ಮೆಪಡುತ್ತೇವೆ, ಓಟದ ನಾಷ್ಟಾದಲ್ಲಿ ಬ್ಯಾಳಿಯ ಸುಳಿವಿಲ್ಲ. ಮೂರು ಕಿಲೋಮೀಟರಿಗೆ ಗ್ಲೂಕೋಸ್ ನೀರು ಬೇರೆ! ತಾಸಿನೊಳಗಿನ ಓಟಕ್ಕೆ ಬರೀ ನೀರು ಸಾಕು.

ತೂಕ ಇಳಿಸುವವರು ದಿನದ ಊಟದಲ್ಲಿ 300ರಿಂದ 500 ಕ್ಯಾಲರಿಗಿಂತ ಹೆಚ್ಚು ಕಡಿತ ಮಾಡಬಾರದು ಅನ್ನುವುದನ್ನು ಯಾವ ವೇದಿಕೆಯೂ ಹೇಳುವುದಿಲ್ಲ. ತಿನ್ನದೆ ಓಡುವ ಹೆಣ್ಣುಮಕ್ಕಳ ಮುಟ್ಟು ತಪ್ಪುತ್ತದೆ, ಎಲುಬು ಸವೆಯುತ್ತದೆ. ವೇದಿಕೆಯಲ್ಲಿ ಸಿಗುವುದು ‘ಕಡಿಮೆ ತಿನ್ನಿ, ಹೆಚ್ಚು ಓಡಿ’. ಹೇಳುವವರು ಎರಡನ್ನೂ ಮಾಡಿ ಗೊತ್ತಿಲ್ಲ.

ಈಗ ಆ ಫೋಟೋ ಮತ್ತೊಮ್ಮೆ ನೋಡಿ. ಹಿಂದಿನ ಸಾಲುಗಳಲ್ಲಿ ಇರುವವರು ಯಾರು? ಶಾಲೆಯ ಮಕ್ಕಳು. ತಲೆ ಲೆಕ್ಕ ತುಂಬಲಿ ಅಂತ ಬೆಳಿಗ್ಗೆ ಐದೂವರೆಗೆ ಕರೆತಂದು ನಿಲ್ಲಿಸಿದ, ಮನೆಯಲ್ಲಿ ಚಾ ಕುಡಿದರೋ ಇಲ್ಲವೋ ಎಂದು ಯಾರೂ ಕೇಳದ ಮಕ್ಕಳು. ಅವರಲ್ಲಿ ಬೊಜ್ಜು ಎಲ್ಲಿದೆ ಸ್ವಾಮಿ? ಆ ಟೀ-ಶರ್ಟು ಅವರ ಮೊಣಕಾಲಿಗೆ ಬರುತ್ತದೆ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಸೇರಿ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಅದು ಬೇಡ ಅಂತ ಎದ್ದ ಗದ್ದಲ ಮರೆತಿಲ್ಲವಲ್ಲ? ಇಲ್ಲಿನ ಮಕ್ಕಳು ಸೊರಗಿದ್ದಾರೆ ಅಂತಲೇ ಕೊಟ್ಟ ಮೊಟ್ಟೆ ಅದು. 6 ಗ್ರಾಂ ಪ್ರೋಟೀನಿಗೆ ಅಷ್ಟು ಮನವಿ, ಅಷ್ಟು ಪ್ರತಿಭಟನೆ. ಅದೇ ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಎರಡು ತಾಸು ನಿಲ್ಲಿಸಿ ಬೊಜ್ಜಿನ ವಿರುದ್ಧ ಓಡಿಸಲು ಯಾರ ತಕರಾರೂ ಇಲ್ಲ. ಇದರಲ್ಲಿ ನಗುವಂಥದ್ದು ಹುಡುಕಿ ಹುಡುಕಿ ಸಾಕಾಗಿದೆ.

ಓಟದಲ್ಲಿ ಮೊದಲು ಬರುವವರೂ ಅವರೇ. ಕೌಂಟರಿಗೂ ಮೊದಲು ಮುಟ್ಟುತ್ತಾರೆ. ಆಗ ಮೈಕು ಎಚ್ಚರಗೊಳ್ಳುತ್ತದೆ: ‘ಏ ಹುಡುಗ್ರ್ಯಾ, ಹಿಂದ ಸರೀರಿ, ಮೊದಲ ಸಾಹೇಬ್ರ ನಾಷ್ಟಾ ಆಗ್ಲಿ.’ ಸಾಹೇಬರದು ಆಗುತ್ತದೆ, ಅವರ ಜೊತೆ ಬಂದವರದೂ ಆಗುತ್ತದೆ, ಫೋಟೋ ತೆಗೆದವರದೂ. ಮಕ್ಕಳ ಸಾಲು ಮುಂದೆ ಸರಿಯುವ ಹೊತ್ತಿಗೆ ಶಿರಾ ತಳ ಹಿಡಿದಿರುತ್ತದೆ, ಭಜಿ ತಣ್ಣಗಾಗಿ ಪತ್ರಿಕೆಯ ಹಾಳೆಗೆ ಅಂಟಿರುತ್ತದೆ. ತಲಾ ಒಂದರಂತೆ ಬಿಸ್ಕೀಟ್ ಪೊಟ್ಟಣ ಹಂಚುತ್ತಾರೆ, ಐದು ರೂಪಾಯಿಯದು.