‘ಘಟ್ಟದವರಿಗೆ ಬಿಡಾರ ಇಲ್ಲ’

ನಮ್ಮ ಬಡಾವಣೆಯ ಹತ್ತಿರ ನಿರ್ವಸತಿಗರಿಗೆ ಕಟ್ಟಡ ಬರುತ್ತದಂತೆ. ಬರುತ್ತದೋ ಇಲ್ಲವೋ, ವಿರೋಧದ ಮನವಿ ಮಾತ್ರ ಆಗಲೇ ಮನೆ ಮನೆ ತಿರುಗುತ್ತಿದೆ. ಕಳ್ಳತನ ಹೆಚ್ಚುತ್ತದೆ, ಹೆಣ್ಣುಮಕ್ಕಳು ಓಡಾಡುವಂತಿಲ್ಲ, ಜಾಗದ ಬೆಲೆ ಬೀಳುತ್ತದೆ. ತಂದವರು ಮೊದಲೆರಡು ಕಾರಣಗಳನ್ನು ಓದಿದರು, ಮೂರನೆಯದರ ಬಗ್ಗೆ ಬಹಳ ಹೊತ್ತು ಮಾತನಾಡಿದರು. ನಾನು ಸಹಿ ಹಾಕಲಿಲ್ಲ.

ಮಂಗಳೂರಿನಲ್ಲಿ ಸೂರಿಲ್ಲದವರೆಂದರೆ ರೈಲು ನಿಲ್ದಾಣದ ಬಳಿ ಮಲಗುವ ಅನಾಥರು ಎಂದಷ್ಟೇ ತಿಳಿದಿದ್ದೇವೆ. ದಿನವೂ ದುಡಿಯುವವರೂ ಅವರಲ್ಲಿದ್ದಾರೆ. ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಬಂದು ನಮ್ಮ ಮನೆಗಳಿಗೆ ಕಲ್ಲು ಹೊತ್ತವರು, ಗಾರೆ ಮೆತ್ತಿದವರು. ಕಟ್ಟಡ ಏಳುವಷ್ಟು ದಿನ ಪಕ್ಕದ ತಗಡಿನ ಶೆಡ್ಡೇ ಮನೆ. ಕೆಲಸ ಮುಗಿದರೆ ಅದೂ ಇಲ್ಲ. ಬಿಡಾರ, ಅಂದರೆ ಬಾಡಿಗೆ ಮನೆ, ಕೇಳಿದರೆ ‘ಘಟ್ಟದವರಿಗೆ (ಘಟ್ಟದ ಮೇಲಿನಿಂದ ಬಂದವರಿಗೆ) ಕೊಡುವುದಿಲ್ಲ’ ಎಂಬ ಉತ್ತರ ಸಿದ್ಧ. ಕೊಟ್ಟರೂ ತಿಂಗಳುಗಟ್ಟಲೆ ಬಾಡಿಗೆ ಮುಂಗಡ. ದಿನಗೂಲಿಯವರು ಎಲ್ಲಿಂದ ತರಬೇಕು? ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿದು. ಜಡಿಮಳೆಯ ಆಟಿ ತಿಂಗಳಲ್ಲಿ ಅಂಗಡಿ ಜಗಲಿಯ ಮೇಲೆ ಮಲಗುವುದೆಂದರೆ ನಿದ್ದೆಯಲ್ಲ, ಎರಚಲಿಗೆ ಸರಿಯುತ್ತ ಸರಿಯುತ್ತ ಬೆಳಗು ಮಾಡುವುದು.

ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಕಾಯಂ ಆಶ್ರಯ ಇರಬೇಕೆಂದಿತ್ತು. ಒಳ್ಳೆಯದೇ. ಆದರೆ ಸಾಲು ಮಂಚದ ಹಾಲ್ ಸಂಸಾರಸ್ಥರಿಗೆ ಒಗ್ಗುವುದಿಲ್ಲ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ. ಕರಣೆ, ಪಾತ್ರೆ, ಬಟ್ಟೆಗಂಟು ಯಾರ ಕಾವಲಿಗೆ? ನಮ್ಮ ಕಾಂಪೌಂಡ್ ಕಟ್ಟುವಾಗ ಕಲ್ಲು ಹೊತ್ತ ಹೆಂಗಸನ್ನು ಎಂಥ ಮನೆ ಬೇಕು ಎಂದು ಕೇಳಿದ್ದೆ. ‘ಒಲೆ ಹೂಡುವಷ್ಟು ಜಾಗ, ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ. ಸಾಕು ಅಕ್ಕಾ’ ಎಂದಿದ್ದಳು.

2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಕಟ್ಟಿಕೊಳ್ಳಲು ಕೇಂದ್ರದಿಂದ 1.5 ಲಕ್ಷ ರೂಪಾಯಿ ಸಿಗುತ್ತಿತ್ತು, ಆದರೆ ಮೊದಲು ಸ್ವಂತ ಜಾಗ ಇರಬೇಕು. ದೇಶದಲ್ಲಿ ಎಲ್ಲಿಯಾದರೂ ಪಕ್ಕಾ ಮನೆ ಇದ್ದರೆ ಅರ್ಹತೆಯೇ ಇಲ್ಲ. ಊರಿನಲ್ಲಿ ಅಪ್ಪ ಕಟ್ಟಿಸಿದ ಎರಡು ಕೋಣೆ ತನ್ನ ಪಾಲಿಗೆ ಬಂದಿದ್ದರೆ ಇಲ್ಲಿನ ಬಾಗಿಲು ಮುಚ್ಚಿದಂತೆ. 2020ರ ಲಾಕ್‌ಡೌನ್ ನಂತರ ವಲಸೆ ಕಾರ್ಮಿಕರಿಗೆಂದೇ ಕಡಿಮೆ ಬಾಡಿಗೆಯ ವಸತಿ ಯೋಜನೆ ಬಂದಿತು. ಇವರಿಗೆ ಬೇಕಾದದ್ದು ಅದೇ, ಬಾಡಿಗೆ ಕೋಣೆ. ಆದರೆ ಅದನ್ನು ಊರಾಚೆಯ ಗುಡ್ಡದ ಮೇಲೆ ಕಟ್ಟಿದರೆ ಬೆಳಿಗ್ಗೆ ಪೇಟೆಯ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ತಲುಪುವ ಚಾರ್ಜಿಗೇ ಕೂಲಿಯ ಒಂದು ಪಾಲು ಹೋಗುತ್ತದೆ. ತಡವಾದವನನ್ನು ಮೇಸ್ತ್ರಿ ಕಾಯುವುದಿಲ್ಲ. ಹಾಗಾಗಿ ಮತ್ತೆ ಜಗಲಿಗೇ ಬರುತ್ತಾರೆ. ‘ಮನೆ ಕೊಟ್ಟರೂ ಇರುವುದಿಲ್ಲ ಇವರು’ ಎನ್ನಲು ನಾವು ಕಾದೇ ಇರುತ್ತೇವೆ.

ಕೆಲಸದ ಜಾಗದಲ್ಲೇ ಇಲ್ಲವೇ ಅದರ ಹತ್ತಿರದಲ್ಲಿ ಉಚಿತ ತಾತ್ಕಾಲಿಕ ವಸತಿ, ಪ್ರತ್ಯೇಕ ಅಡುಗೆ ಜಾಗ, ಸ್ನಾನ, ಶೌಚಾಲಯ ಕೊಡಬೇಕೆಂದು ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲೇ ಬರೆದಿತ್ತು. ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಮೇಲೆ ಶೇ 1 ಸೆಸ್ ಕೂಡ ವಸೂಲಾಗುತ್ತದೆ. ಆ ಹಣದಲ್ಲಿ ಪೇಟೆಯ ನಡುವಿನ ಹಂಪನಕಟ್ಟೆಗೆ ನಡೆದು ಬರುವಷ್ಟು ಹತ್ತಿರದಲ್ಲಿ, ವಾರದ ಬಾಡಿಗೆ ಪಡೆಯುವ, ಮುಂಗಡ ಕೇಳದ ಕೋಣೆಗಳನ್ನು ಕಟ್ಟಿಸಲಿ. ಅಂಥ ಮನವಿ ಯಾರಾದರೂ ಬರೆದರೆ ಮೊದಲ ಸಹಿ ನನ್ನದು.